ಜೆಸಿಬಿ ಗುದ್ದುವ ಮುಂಚೆ ಕೇಬಲ್ಲೇ ಹೇಳುತ್ತೆ, ಕೇಳುವವರು ಬೇಕು

ಸಂಪಾದಕರಿಗೆ ನಮಸ್ಕಾರ.

ಇದು ಸ್ವಲ್ಪ ಉದ್ದದ ಕಾಗದ. ಜಾಗ ಇಲ್ಲದಿದ್ದರೆ ಕತ್ತರಿಸಿ, ಬೇಜಾರಿಲ್ಲ. ಲೆಕ್ಕ ಇರುವ ಕಡೆ ಮಾತ್ರ ಕತ್ತರಿ ಆಡಿಸಬೇಡಿ. ಅದು ಹೋದರೆ ಉಳಿಯುವುದು ಮುದುಕನ ಗೊಣಗಾಟ ಅಷ್ಟೇ.

ಹೋದ ತಿಂಗಳು ಒಂದು ಸೋಮವಾರ ಬೆಳಗ್ಗೆ ನಮ್ಮ ಕಡೆ ಇಂಟರ್‌ನೆಟ್ ಹೊರಟುಹೋಯಿತು. ಮೊಬೈಲ್ ಟವರಿಗೂ ಅದೇ ಕೇಬಲ್ಲಂತೆ, ಹಾಗಾಗಿ ಫೋನೂ ಅರ್ಧ ಸತ್ತಿತ್ತು. ನ್ಯಾಯಬೆಲೆ ಅಂಗಡಿ ಮುಂದೆ ಹೆಂಗಸರು ಚೀಲ ಹಿಡಿದು ಕೂತಿದ್ದರು. ಹೆಬ್ಬೆಟ್ಟು ಒತ್ತಿದರೆ ಮೆಷಿನ್ ಸುತ್ತುತ್ತಲೇ ಇದೆ, ಅಕ್ಕಿ ಸಿಗುತ್ತಿಲ್ಲ. ಬ್ಯಾಂಕಿನವರು ಬಾಗಿಲಿಗೆ ಚೀಟಿ ಅಂಟಿಸಿದರು. ಸಂಜೆಯಾಯಿತು, ಮಾರನೆ ದಿನವಾಯಿತು. ಎಲ್ಲಿ ಕಟ್ ಆಗಿದೆ ಅಂತ ಯಾರಿಗೂ ಗೊತ್ತಿಲ್ಲ. ಯಾಕೆಂದರೆ ಕಿತ್ತ ಜೆಸಿಬಿಯವನು ಮೇಲೆ ಮಣ್ಣು ಎಳೆದು, ಸಮ ಮಾಡಿ, ಬೇರೆ ಕೆಲಸಕ್ಕೆ ಹೋಗಿಬಿಟ್ಟಿದ್ದ.

ಮಂಗಳವಾರ ಮಧ್ಯಾಹ್ನ ಇಬ್ಬರು ಹುಡುಗರು ಬೈಕಿನಲ್ಲಿ ಬಂದರು. ಕೈಯಲ್ಲಿ ಓಟಿಡಿಆರ್, ಅಂದರೆ ಕೇಬಲ್ಲಿಗೆ ಬೆಳಕು ಬಿಟ್ಟು ಕಟ್ ಎಷ್ಟು ದೂರದಲ್ಲಿದೆ ಅಂತ ತೋರಿಸುವ ಪೆಟ್ಟಿಗೆ. 'ನಾಲ್ಕು ಕಿಲೋಮೀಟರ್ ಮುನ್ನೂರ ಎಂಬತ್ತು ಮೀಟರಲ್ಲಿ ಕಟ್ ತೋರಿಸ್ತಿದೆ ಯಜಮಾನ್ರೇ' ಅಂದರು. ಬೈಕಿನ ಮೀಟರ್ ನೋಡಿಕೊಂಡೇ ಅಷ್ಟು ದೂರ ಅಳೆದು ಬಂದಿದ್ದರು ಪಾಪ. ನಮ್ಮ ಮನೆ ಎದುರಿಗೇ ಒಂದು ಗುಂಡಿ ತೋಡಿಸಿದರು. ಕೇಬಲ್ ಸಿಕ್ಕಿತು, ಏನೂ ಆಗಿರಲಿಲ್ಲ. ಇನ್ನೂ ಹತ್ತು ಹೆಜ್ಜೆ ಮುಂದೆ ಎರಡನೇ ಗುಂಡಿ. ಅಲ್ಲೂ ಏನಿಲ್ಲ. ನಾನು ಜಗಲಿ ಮೇಲೆ ಕೂತು ನೋಡುತ್ತಿದ್ದವನು ತಡೆಯಲಾರದೆ ಎದ್ದು ಹೋಗಿ, 'ಅಪ್ಪಾ, ಪೆಟ್ಟಿಗೆ ಸುಳ್ಳು ಹೇಳ್ತಿಲ್ಲ, ನೀವು ಅಳೆದದ್ದು ಬೇರೆ, ಅದು ಅಳೆದದ್ದು ಬೇರೆ. ವಾಪಸ್ ನಡೀರಿ, ಹೊಸ ಮಣ್ಣು ಎಲ್ಲಿದೆ ನೋಡಿ' ಅಂದೆ. ಅರವತ್ತು ಎಪ್ಪತ್ತು ಮೀಟರ್ ಹಿಂದೆ, ಮೋರಿ ಪಕ್ಕ, ಹಸಿ ಮಣ್ಣಿನ ಗುಡ್ಡೆ. ಕೆದಕಿದರೆ ಅಲ್ಲೇ ಇತ್ತು, ಎರಡು ತುಂಡಾಗಿ.

ನಾನು ಟೆಲಿಫೋನ್ ಕೇಬಲ್ ಕೆಲಸದಲ್ಲಿ 31 ವರ್ಷ ಇದ್ದವನು. ಮೊದಲು ತಾಮ್ರ, ಆಮೇಲೆ ಗಾಜು, ಅಂದರೆ ಆಪ್ಟಿಕಲ್ ಫೈಬರ್. ಆ ಹುಡುಗರನ್ನು ಬೈಯುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ಅವರಿಗೆ ಪೆಟ್ಟಿಗೆ ಕೊಟ್ಟವರು ನಕ್ಷೆ ಕೊಟ್ಟಿಲ್ಲ, ಅದು ಅವರ ತಪ್ಪಾ?

ಓಟಿಡಿಆರ್ ಮಾಡುವ ಕೆಲಸ ಬಹಳ ಸರಳ. ಹಾಳು ಬಾವಿಗೆ ಬಗ್ಗಿ ಕೂಗಿದರೆ ದನಿ ವಾಪಸ್ ಬರುವುದಿಲ್ಲವೇ, ಹಾಗೆ. ಕೇಬಲ್ಲಿನ ಒಂದು ಎಳೆಗೆ ಕ್ಷಣಮಾತ್ರದ ಒಂದು ಲೇಸರ್ ಮಿಂಚು ಬಿಡುತ್ತೆ. ಎಳೆ ಅಂದರೆ ಕೂದಲಷ್ಟು ದಪ್ಪದ ಗಾಜು, ಬೆಳಕು ಓಡುವ ಒಳಗಿನ ತಿರುಳು ಮಿಲಿಮೀಟರಿನ ನೂರನೇ ಒಂದು ಪಾಲೂ ಇಲ್ಲ. ಗಾಜು ಎಷ್ಟೇ ಶುದ್ಧ ಇದ್ದರೂ ಒಳಗೆ ಕಣ್ಣಿಗೆ ಕಾಣದ ಏರುಪೇರು ಇದ್ದೇ ಇರುತ್ತೆ, ಅದಕ್ಕೆ ತಾಗಿ ಬೆಳಕು ಚೂರು ಚೂರು ಚದುರುತ್ತೆ. ಆಕಾಶ ನೀಲಿ ಕಾಣುವುದೂ ಇದೇ ಥರ ಚದುರುವಿಕೆಯಿಂದಲೇ, ರ‍್ಯಾಲೆ ಅನ್ನುವ ವಿಜ್ಞಾನಿ ಹೆಸರು ಅದಕ್ಕೆ. ಚದುರಿದ್ದರಲ್ಲಿ ತೀರಾ ಸಣ್ಣ ಪಾಲು ಬಂದ ದಾರಿಯಲ್ಲೇ ವಾಪಸ್ ಬರುತ್ತೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತೆ. ಅಂದರೆ ಒಂದು ಮೈಕ್ರೋಸೆಕೆಂಡಿಗೆ 200 ಮೀಟರ್. ಹೋಗಿ ಬರುವುದು ಸೇರಿ ಲೆಕ್ಕ ಹಾಕಿದರೆ, ಒಂದು ಮೈಕ್ರೋಸೆಕೆಂಡ್ ತಡವಾಗಿ ಬಂದ ಬೆಳಕು 100 ಮೀಟರ್ ದೂರದಿಂದ ಬಂದದ್ದು. ಎಳೆ ತುಂಡಾಗಿರುವ ಕಡೆಯಿಂದಾಚೆಗೆ ಏನೂ ವಾಪಸ್ ಬರುವುದಿಲ್ಲ, ಪರದೆ ಮೇಲೆ ಗೆರೆ ದಬಕ್ಕನೆ ಕೆಳಗೆ ಬೀಳುತ್ತೆ. 1970ರ ದಶಕದಿಂದ ಇರುವ ವಿದ್ಯೆ ಇದು.

ಹಾಗಾದರೆ ಗುಂಡಿ ಯಾಕೆ ತಪ್ಪಿತು? ಪೆಟ್ಟಿಗೆ ಅಳೆಯುವುದು ಗಾಜಿನ ಉದ್ದ. ನಾವು ತೋಡುವುದು ನೆಲದ ಮೇಲೆ. ಈ ಎರಡಕ್ಕೂ ತಾಳೆ ಆಗುವುದೇ ಇಲ್ಲ. ಕೇಬಲ್ ಒಳಗೆ ಎಳೆಗಳು ನೆಟ್ಟಗೆ ಕೂತಿರುವುದಿಲ್ಲ, ಹಗ್ಗ ಹೊಸೆದ ಹಾಗೆ ಸುತ್ತಿಕೊಂಡಿರುತ್ತವೆ, ಹಾಗಾಗಿ ಎಳೆ ಕೇಬಲ್ಲಿಗಿಂತ ಸ್ವಲ್ಪ ಉದ್ದ. ಜಾಯಿಂಟ್ ಮಾಡಿದ ಕಡೆಯೆಲ್ಲ ಮುಂದೆ ಬೇಕಾಗುತ್ತೆ ಅಂತ ಎರಡೂ ಕಡೆ ಹತ್ತು ಹತ್ತು ಮೀಟರ್ ಸುತ್ತಿ ಇಟ್ಟಿರುತ್ತೇವೆ. ಸೇತುವೆ ಹತ್ತುವ ಕಡೆ, ರಸ್ತೆ ದಾಟುವ ಕಡೆ ಇನ್ನಷ್ಟು ಸುರುಳಿ. ಇದರ ಜೊತೆಗೆ ಶಾಲೆಯಲ್ಲಿ ವಕ್ರೀಭವನ ಸೂಚ್ಯಂಕ ಅಂತ ಓದಿರುತ್ತೀರಲ್ಲ, ಗಾಜಿನಲ್ಲಿ ಬೆಳಕು ಎಷ್ಟು ನಿಧಾನ ಅನ್ನುವ ಲೆಕ್ಕ, ಆ ಅಂಕಿಯನ್ನು ಪೆಟ್ಟಿಗೆಗೆ ನಾವೇ ಕೊಡಬೇಕು. 1.47 ಬದಲು 1.46 ಅಂತ ಕೊಟ್ಟರೆ ಐದು ಕಿಲೋಮೀಟರಿಗೆ ಮೂವತ್ತು ನಲವತ್ತು ಮೀಟರ್ ಎಲ್ಲೋ ಹೋಗುತ್ತೆ. ಇದೆಲ್ಲ ಸೇರಿಕೊಂಡರೆ ಮೋರಿ ಹತ್ತಿರ ಇರುವ ಕಟ್ ನಮ್ಮ ಮನೆ ಮುಂದೆ ಬಂದು ಕೂರುತ್ತೆ. ಅದಕ್ಕೇ ನಮ್ಮ ಕಾಲದಲ್ಲಿ ರೂಟ್ ಡೈರಿ ಅಂತ ಒಂದು ಪುಸ್ತಕ ಇರುತ್ತಿತ್ತು. ಯಾವ ಕಲ್ಲಿನ ಹತ್ತಿರ ಗಾಜಿನ ಉದ್ದ ಎಷ್ಟು, ಎಲ್ಲಿ ಎಷ್ಟು ಸುರುಳಿ, ಯಾವ ಹುಣಸೆ ಮರದಿಂದ ಎಷ್ಟು ಅಡಿ, ಎಲ್ಲ ಬರೆದಿಡುತ್ತಿದ್ದೆವು. ಹುಣಸೆ ಮರಗಳೂ ಹೋದವು, ಪುಸ್ತಕಗಳೂ ಹೋದವು.

ಲೈನಿನಲ್ಲಿ ಎಲ್ಲಿ ತೊಂದರೆ ಅಂತ ಹುಡುಕುವುದು ನಮ್ಮ ಮಂಡ್ಯ ಜಿಲ್ಲೆಗೆ ಹೊಸದೇನಲ್ಲ. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತಲ್ಲ, ಸುಮಾರು 147 ಕಿ.ಮೀ. ತಂತಿ. ಅಷ್ಟುದ್ದದ ಲೈನಿನಲ್ಲಿ ಒಂದು ಕೊಂಬೆ ಬಿದ್ದರೆ ಹುಡುಕಲು ಕಾಲೇ ಗತಿ. ಮಳೆಯಲ್ಲಿ, ಕತ್ತಲಲ್ಲಿ ನಡೆದು ನೋಡಿದವರ ಪುಣ್ಯ ಅದು. ನಾನು ಕೆಲಸಕ್ಕೆ ಸೇರಿದಾಗಲೂ ತಾಮ್ರದ ಕೇಬಲ್ಲಿನ ಜಾಯಿಂಟಿಗೆ ನೀರು ಇಳಿದರೆ, ಮೀಟರ್ ಇಟ್ಟು ಅಳೆದು, ಕಾಗದದ ಮೇಲೆ ಭಾಗಾಕಾರ ಮಾಡಿ, ಆಮೇಲೂ ಎರಡು ಗುಂಡಿ ತೋಡುವುದು ಮಾಮೂಲು. ಆದರೆ ನೂರಿಪ್ಪತ್ತು ವರ್ಷ ಆದಮೇಲೂ ನಾವು ಕಟ್ ಆದಮೇಲೆ ಹುಡುಕುವವರೇ ಆಗಿ ಉಳಿದರೆ ಹೇಗೆ? ನನ್ನ ತಕರಾರು ಇರುವುದು ಇಲ್ಲಿ.

ಯಾಕೆಂದರೆ ಅದೇ ಗಾಜಿನ ಎಳೆ, ಕಟ್ ಆಗುವ ಮುಂಚೆಯೇ 'ಇಲ್ಲಿ ಯಾರೋ ಅಗೆಯುತ್ತಿದ್ದಾರೆ' ಅಂತ ಹೇಳಬಲ್ಲದು. ಹೊಸ ಕೇಬಲ್ ಬೇಕಿಲ್ಲ, ನೆಲದೊಳಗೆ ಸೆನ್ಸರ್ ಹೂಳಬೇಕಿಲ್ಲ. ಈಗಾಗಲೇ ಹೂತಿರುವ ಕೇಬಲ್ಲುಗಳಲ್ಲಿ ಎಷ್ಟೋ ಎಳೆಗಳು ಕೆಲಸವಿಲ್ಲದೆ ಮಲಗಿರುತ್ತವೆ, ಬೆಳಕೇ ಕಾಣದವು. ಅಂಥ ಒಂದು ಎಳೆಯ ತುದಿಗೆ ತಕ್ಕ ಪೆಟ್ಟಿಗೆ ಇಟ್ಟರೆ ಇಡೀ ಕೇಬಲ್ ಕಿವಿ ಆಗುತ್ತೆ. ಕಥೆ ಹೇಳುತ್ತಿಲ್ಲ. ಎಣ್ಣೆ ಪೈಪ್‌ಲೈನ್ ಕೊರೆದು ಕದಿಯುವವರನ್ನು ಹಿಡಿಯಲು ನಮ್ಮ ದೇಶದಲ್ಲೇ ಇದನ್ನು ಬಳಸುತ್ತಿದ್ದಾರೆ.

ಹೇಗೆ ಅಂತ ಕೇಳುವವರಿಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಓಟಿಡಿಆರಿನ ಹಾಗೇ ಇಲ್ಲೂ ಮಿಂಚು ಬಿಡುತ್ತಾರೆ, ಆದರೆ ಲೇಸರ್ ಬಹಳ ಶುದ್ಧವಾದದ್ದು, ಒಂದೇ ಶ್ರುತಿಯಲ್ಲಿ ಇರುವಂಥದ್ದು. ಆ ಬೆಳಕು ಚದುರಿ ವಾಪಸ್ ಬರುವಾಗ ಪ್ರತಿ ಜಾಗಕ್ಕೂ ಒಂದೊಂದು ಗುರುತಿನ ಕಲೆ ಇರುತ್ತೆ, ನಮ್ಮ ಹೆಬ್ಬೆಟ್ಟಿನ ಥರ. ಅಲ್ಲಿ ನೆಲ ಅದುರದೆ ಇದ್ದರೆ ಕಲೆ ಹಾಗೇ ಇರುತ್ತೆ. ಗುದ್ದಲಿ ಬಿದ್ದು ಮಣ್ಣು ಅದುರಿದರೆ ಗಾಜು ಎಳ್ಳಷ್ಟೂ ಅಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಹಿಗ್ಗಿ ಕುಗ್ಗುತ್ತೆ, ಅಷ್ಟಕ್ಕೇ ಆ ಜಾಗದ ಕಲೆ ಬದಲಾಗುತ್ತೆ. ಯಾವ ಜಾಗ? ಬೆಳಕು ವಾಪಸ್ ಬಂದ ಹೊತ್ತೇ ಹೇಳುತ್ತೆ. 50 ಕಿ.ಮೀ. ಉದ್ದದ ಎಳೆ ಅಂದರೆ ಬೆಳಕು ಹೋಗಿ ಬರಲು ಅರ್ಧ ಮಿಲಿಸೆಕೆಂಡ್ ಬೇಕು. ಮೊದಲನೆಯದು ಬರುವ ಮುಂಚೆ ಎರಡನೆಯದು ಬಿಟ್ಟರೆ ಎರಡೂ ಕಲಸಿಹೋಗುತ್ತವೆ, ಹಾಗಾಗಿ ಸೆಕೆಂಡಿಗೆ 2,000 ಸಲ ನೋಡಬಹುದು. ಗುದ್ದಲಿ ಸದ್ದು, ಜೆಸಿಬಿ ಸದ್ದು ಹಿಡಿಯಲು ಅದು ಧಾರಾಳ ಸಾಕು. ದೂರ ಜಾಸ್ತಿ ಹೋಗಲಾಗದಿರಲು ಕಾರಣವೂ ಇದೆ. ಒಳ್ಳೆ ಗಾಜಿನಲ್ಲೂ 50 ಕಿ.ಮೀ. ಹೋಗುವಷ್ಟರಲ್ಲಿ ಬೆಳಕು ಹತ್ತರಲ್ಲಿ ಒಂದು ಪಾಲು ಉಳಿಯುತ್ತೆ, ವಾಪಸ್ ಬರುವಾಗ ಅದರಲ್ಲೂ ಹತ್ತರಲ್ಲಿ ಒಂದು. ಮಂಡ್ಯದಿಂದ ಮೈಸೂರಿಗೆ ರಸ್ತೆಯಲ್ಲಿ ಸುಮಾರು 45 ಕಿ.ಮೀ. ಲೆಕ್ಕ ನೀವೇ ಹಾಕಿ, ಮಂಡ್ಯದಲ್ಲಿ ಒಂದೇ ಒಂದು ಪೆಟ್ಟಿಗೆ ಕೂತರೆ ಶ್ರೀರಂಗಪಟ್ಟಣ ದಾಟಿ ಮೈಸೂರಿನವರೆಗೆ ಕೇಳಿಸಿಕೊಳ್ಳಬಹುದು.

ಇನ್ನೊಂದು ದಾರಿಯೂ ಇದೆ, ನನಗೆ ಅದೇ ಇಷ್ಟ, ಯಾಕೆಂದರೆ ಲೆಕ್ಕ ಪ್ರೈಮರಿ ಶಾಲೆಯದು. ನಾಲೆ ಏರಿ ಮೇಲೆ ಎಲ್ಲೋ ಒಬ್ಬ ತಮಟೆ ಹೊಡೆದ ಅಂದುಕೊಳ್ಳಿ. ಏರಿಯ ಎರಡು ತುದಿಯಲ್ಲಿ ಇಬ್ಬರು ನಿಂತಿದ್ದಾರೆ. ಯಾರಿಗೆ ಮೊದಲು ಕೇಳಿಸಿತು, ಇನ್ನೊಬ್ಬನಿಗೆ ಎಷ್ಟು ತಡವಾಗಿ ಕೇಳಿಸಿತು ಅಂತ ಗೊತ್ತಾದರೆ ತಮಟೆಯವನು ಎಲ್ಲಿದ್ದ ಅಂತ ಹೇಳಬಹುದಲ್ವಾ? ಹಾಗೇ ಒಂದೇ ಕೇಬಲ್ಲಿನಲ್ಲಿ ಬೆಳಕನ್ನು ಎರಡೂ ದಿಕ್ಕಿಗೆ ಬಿಡುವುದು. ನಡುವೆ ಎಲ್ಲೋ ಅದುರಿದರೆ ಆ ಸುದ್ದಿ ಎರಡೂ ಕಡೆಗೆ ಓಡುತ್ತೆ. 20 ಕಿ.ಮೀ. ಕೇಬಲ್, ಒಂದು ತುದಿಗೆ 40 ಮೈಕ್ರೋಸೆಕೆಂಡ್ ಮುಂಚೆ ಬಂತು ಅನ್ನಿ. ಅಷ್ಟು ಹೊತ್ತಿನಲ್ಲಿ ಬೆಳಕು 8 ಕಿ.ಮೀ. ಓಡುತ್ತೆ. ಅಂದರೆ ಒಂದು ಕಡೆಗೆ ದೂರ 8 ಕಿ.ಮೀ. ಜಾಸ್ತಿ. ಆರು ಮತ್ತು ಹದಿನಾಲ್ಕು, ಮುಗಿಯಿತು. ಒಂದು ಮೈಕ್ರೋಸೆಕೆಂಡ್ ತಪ್ಪಿದರೆ ಜಾಗ 100 ಮೀಟರ್ ತಪ್ಪುತ್ತೆ, ಹಾಗಾಗಿ ಎರಡು ತುದಿಯ ಗಡಿಯಾರ ಜಗಳ ಆಡಬಾರದು. ಅದಕ್ಕೆ ಆಚೆ ತುದಿಯ ಬೆಳಕನ್ನು ಇನ್ನೊಂದು ಎಳೆಯಲ್ಲಿ ಈಚೆಗೇ ತಂದು, ಒಂದೇ ಪೆಟ್ಟಿಗೆಯಲ್ಲಿ ಅಳೆದು, ಬಂದ ದಾರಿಯ ಹೊತ್ತನ್ನು ಕಳೆಯುತ್ತಾರೆ. ಈ ದಾರಿಯ ಕುಂದು ಅಂದರೆ, ಒಂದೇ ಸಲ ಎರಡು ಕಡೆ ಅದುರಿದರೆ ಗಲಿಬಿಲಿ ಆಗುತ್ತೆ. ಯಲಿಯೂರಿನ ಹತ್ತಿರ ರೈಲು ಹೋಗುತ್ತಿರುವಾಗಲೇ ಪಾಂಡವಪುರದ ಹತ್ತಿರ ಯಾರೋ ಅಗೆದರೆ ಅದು ಪಾಪ ಏನು ಮಾಡಬೇಕು. ಮೊದಲು ಹೇಳಿದ ವಿಧಾನಕ್ಕೆ ಈ ಕಷ್ಟ ಇಲ್ಲ, ಪ್ರತಿ ಜಾಗದ ಸದ್ದೂ ಬೇರೆ ಬೇರೆ ಕಾಣುತ್ತೆ.

ಈಗ ಎಲ್ಲರೂ ಕೇಳುವ ಪ್ರಶ್ನೆ. ನಮ್ಮ ಮಂಡ್ಯದಲ್ಲಿ ನೆಲ ಅದುರದ ಹೊತ್ತು ಯಾವುದಿದೆ? ಕಬ್ಬು ಕಡಿಯುವ ಕಾಲದಲ್ಲಿ ಫ್ಯಾಕ್ಟರಿ ದಾರಿ ತುಂಬಾ ಟ್ರಾಕ್ಟರು, ಒಂದೊಂದಕ್ಕೂ ಎರಡೆರಡು ಟ್ರೇಲರು. ಪಂಪ್‌ಸೆಟ್ಟು, ಆಲೆಮನೆ, ಬೋರ್‌ವೆಲ್ ಲಾರಿ. ಇದಕ್ಕೆಲ್ಲ ಪೆಟ್ಟಿಗೆ ಬಾಯಿ ಬಡಿದುಕೊಂಡರೆ ಎರಡನೇ ದಿನವೇ ಯಾರೋ ಅದರ ಸ್ವಿಚ್ ಆರಿಸುತ್ತಾರೆ, ಅದರಲ್ಲಿ ಅನುಮಾನ ಬೇಡ. ಆದರೆ ಸದ್ದಿಗೂ ನಡಿಗೆ ಇದೆ. ಟ್ರಾಕ್ಟರ್ ಕೇಬಲ್ ಪಕ್ಕದಲ್ಲೇ ಸಾಗಿ ಹೋಗುತ್ತೆ, ಪರದೆ ಮೇಲೆ ಓರೆ ಗೆರೆ ಬೀಳುತ್ತೆ. ರೈಲೂ ಓರೆ ಗೆರೆಯೇ, ಇನ್ನೂ ದಪ್ಪ. ಪಂಪ್‌ಸೆಟ್ ನಿಂತಲ್ಲೇ ಒಂದೇ ಸಮ ಗುಂಯ್‌ಗುಡುತ್ತೆ. ಗುದ್ದಲಿ ಹಾಗಲ್ಲ, ಒಂದೇ ಜಾಗದಲ್ಲಿ ಧಬ್, ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಧಬ್. ಜೆಸಿಬಿ ಆದರೆ ಇಂಜಿನ್ನಿನ ಗುಂಯ್ ಜೊತೆಗೆ ಬಕೆಟ್ ನೆಲಕ್ಕೆ ತಾಗುವ ಏಟು. ಹೊಲದಲ್ಲಿ ಉಳುವ ಎತ್ತು ಬೇರೆ, ಚರಂಡಿ ತೋಡುವ ಮೆಷಿನ್ ಬೇರೆ ಅಂತ ಕಂಪ್ಯೂಟರಿಗೆ ಕಲಿಸಬಹುದು, ಆದರೆ ನಮ್ಮ ನೆಲದಲ್ಲೇ ಕಲಿಸಬೇಕು. ಗದ್ದೆಯ ಹಸಿ ಮಣ್ಣಿನಲ್ಲಿ ಬಿಗಿಯಾಗಿ ಕೂತ ಕೇಬಲ್ಲಿಗೂ, ಪೈಪಿನೊಳಗೆ ಸಡಿಲವಾಗಿ ಮಲಗಿರುವ ಕೇಬಲ್ಲಿಗೂ ಒಂದೇ ಏಟು ಒಂದೇ ಥರ ಕೇಳಿಸುವುದಿಲ್ಲ. ಕಂಬಕ್ಕೆ ನೇತುಹಾಕಿದ ಕೇಬಲ್ಲಿಗಂತೂ ಆಷಾಢದ ಗಾಳಿ ಬಿಟ್ಟರೆ ಬೇರೆ ಏನೂ ಕೇಳಿಸದು. ಎಲ್ಲಿಂದಲೋ ತಂದ ಪೆಟ್ಟಿಗೆಯನ್ನು ಹಾಗೇ ಇಟ್ಟು ಹೋದರೆ ಅದಕ್ಕೆ ನಮ್ಮ ಎತ್ತಿನಗಾಡಿಯೇ ಕಳ್ಳನ ಹಾಗೆ ಕಾಣುತ್ತೆ.

ಜೆಸಿಬಿ ಓಡಿಸುವ ಹುಡುಗರ ಪರವಾಗಿಯೂ ಒಂದು ಮಾತು. ಎಲ್ಲರೂ ಅವರನ್ನೇ ಬೈಯುತ್ತಾರೆ. ನಮ್ಮ ಕಾಲದಲ್ಲಿ ಫೈಬರ್ ಹೂಳಬೇಕಾದ ಆಳ 1.65 ಮೀಟರ್. ಅಳತೆ ಕೋಲು ಇಟ್ಟು ನೋಡದೆ ಬಿಲ್ಲಿಗೆ ಸಹಿ ಬೀಳುತ್ತಿರಲಿಲ್ಲ. ಮೇಲೆ ರೂಟ್ ಕಲ್ಲು ನೆಡುತ್ತಿದ್ದೆವು. ಈಗ ನಮ್ಮ ಮೋರಿ ಪಕ್ಕ ಸಿಕ್ಕ ಕೇಬಲ್ ಎಷ್ಟು ಆಳದಲ್ಲಿತ್ತು ಗೊತ್ತಾ? ನನ್ನ ಮೊಣಕಾಲು ಮುಳುಗುವಷ್ಟೂ ಇಲ್ಲ. ಕಲ್ಲಿಲ್ಲ, ಎಚ್ಚರಿಕೆಯ ಟೇಪಿಲ್ಲ. ಮೂರು ಅಡಿ ತೋಡು ಅಂತ ಅವನಿಗೆ ಹೇಳಿದ್ದಾರೆ, ಅವನು ತೋಡಿದ. ಅಗೆಯುವ ಮುಂಚೆ ತಿಳಿಸಿ ಅಂತ ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಅನ್ನುವ ಆ್ಯಪ್ ಬಿಟ್ಟಿತು. ಹೀಗೆ ಹೇಳದೆ ಕೇಳದೆ ಅಗೆದು ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟ ಅಂತ ಆಗ ಸರ್ಕಾರವೇ ಹೇಳಿತ್ತು. ಒಳ್ಳೆ ಆ್ಯಪು. ಆದರೆ ಅಗೆಯುವವನು ತಾನಾಗಿ ಹೇಳಿದರೆ ತಾನೇ ಅದಕ್ಕೆ ಗೊತ್ತಾಗುವುದು? ಕೇಬಲ್ಲಿಗೆ ಯಾರೂ ಹೇಳಬೇಕಿಲ್ಲ.

ಮೈಸೂರು ಕಡೆಯವರಿಗೆ ಇನ್ನೊಂದು ವಿಷಯ. ಎಚ್.ಡಿ. ಕೋಟೆ, ಸರಗೂರು ಕಡೆ ಆನೆ ಕಾಟ ನಿಮ್ಮ ಪತ್ರಿಕೆಯಲ್ಲೇ ದಿನಾ ಬರುತ್ತೆ. ಈಶಾನ್ಯದ ಕಡೆಯ ರೈಲ್ವೆಯವರು ಹಳಿ ಪಕ್ಕದ ಇದೇ ಫೈಬರ್ ಕೇಬಲ್ಲಿನಿಂದ ಆನೆ ಹೆಜ್ಜೆ ಪತ್ತೆ ಮಾಡುವ ವ್ಯವಸ್ಥೆ ಶುರುಮಾಡಿದ್ದಾರೆ, 2022ರಿಂದ. ಆನೆ ಹಳಿ ಹತ್ತಿರ ಬಂದರೆ ಸ್ಟೇಷನ್ನಿಗೆ ಸುದ್ದಿ ಹೋಗಿ ಡ್ರೈವರ್ ನಿಧಾನ ಮಾಡುತ್ತಾನೆ. 2023ರ ನವೆಂಬರಿನಲ್ಲಿ ರೈಲ್ವೆ ಸಚಿವರು ಅದಕ್ಕೆ ಗಜರಾಜ ಅಂತ ಹೆಸರಿಟ್ಟು, 700 ಕಿ.ಮೀ. ಹಳಿಗೆ ವಿಸ್ತರಿಸುವುದಾಗಿ ಹೇಳಿದರು. ನಮ್ಮ ಕಾಡಂಚಿನಲ್ಲಿ ರೈಲು ಹಳಿ ಇಲ್ಲ, ಆದರೆ ಹೊಲ ಇದೆ, ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂರುವ ರೈತ ಇದ್ದಾನೆ. ಐದು ಕಿಲೋಮೀಟರ್ ಕಾಡಂಚಿಗೆ ಒಂದಡಿ ಆಳದಲ್ಲಿ ಕೇಬಲ್ ಹೂತು ನೋಡಿದರೆ ಏನು ನಷ್ಟ? ಆನೆ ಎಲ್ಲಿ ದಾಟಿತು ಅಂತ ಹತ್ತು ಮೀಟರ್ ಹೆಚ್ಚುಕಮ್ಮಿಯಲ್ಲಿ ಗೊತ್ತಾದರೆ, ಇಡೀ ಊರು ಪಟಾಕಿ ಹಿಡಿದು ಕತ್ತಲಲ್ಲಿ ಓಡುವುದು ತಪ್ಪುತ್ತೆ. ಅಷ್ಟು ಭಾರದ ಪ್ರಾಣಿಯಾದರೂ ಆನೆಯ ಪಾದ ಮೆತ್ತಗೆ, ಅದು ನಡೆದದ್ದೇ ಗೊತ್ತಾಗುವುದಿಲ್ಲ ಅಂತ ಕಾಡಂಚಿನವರೇ ಹೇಳುತ್ತಾರೆ. ಅದಕ್ಕೇ ಮೊದಲು ಸಣ್ಣದಾಗಿ ಮಾಡಿ ನೋಡಿ ಅನ್ನುತ್ತಿರುವುದು. ಜೊತೆಗೆ ಒಂದು ಭಯವೂ ಇದೆ. ನಮ್ಮಲ್ಲಿ ಹೊಸ ಸಾಮಾನು ಹಾಕುವುದಕ್ಕೆ ದುಡ್ಡು ಬರುತ್ತೆ, ಟೇಪು ಕತ್ತರಿಸುತ್ತಾರೆ, ಫೋಟೋ ಬರುತ್ತೆ. ಎರಡನೇ ವರ್ಷ ಬ್ಯಾಟರಿ ಬದಲಾಯಿಸುವುದಕ್ಕೆ ದುಡ್ಡಿರುವುದಿಲ್ಲ.

ಕೆಆರ್‌ಎಸ್ ಮಾತೂ ಎತ್ತಲೇಬೇಕು. 2024ರ ಶುರುವಿನಲ್ಲಿ ಹೈಕೋರ್ಟು ಅಣೆಕಟ್ಟಿನ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ಬೇಡ ಅಂದಿತು. ಕದ್ದು ಸಿಡಿಸಿದರೆ ಎಲ್ಲಿ ಸಿಡಿಸಿದರು ಅಂತ ಹೇಗೆ ತಿಳಿಯುವುದು? 2018ರಲ್ಲಿ ಅಮೆರಿಕದ ಮಾಂಟೆರೆ ಕೊಲ್ಲಿಯಲ್ಲಿ ಸಮುದ್ರದಡಿಯ ಕೇಬಲ್ಲಿನ 20 ಕಿ.ಮೀ. ಎಳೆಯಲ್ಲೇ ಭೂಕಂಪದ ಅಲೆ ಹಿಡಿದರು. ನಾಲ್ಕಾರು ಭೂಕಂಪ ಮಾಪಕ ಇಟ್ಟು ಅಳೆಯುವ ಬದಲು ಸಾವಿರಾರು ಮಾಪಕ ಸಾಲಾಗಿ ಇಟ್ಟ ಹಾಗೆ ಅದು. ನಮ್ಮ ಜಲಾಶಯದ ಸುತ್ತಲೂ ಹಳ್ಳಿ ಪಂಚಾಯಿತಿಗಳಿಗೆ ಎಳೆದ ಫೈಬರ್ ಇದೆ. ಬಂಡೆ ಸಿಡಿದ ಅದುರು ಕೇಬಲ್ಲಿನ ಯಾವ ಜಾಗಕ್ಕೆ ಮೊದಲು ತಲುಪಿತು, ಆಮೇಲೆ ಎಲ್ಲಿಗೆ ಹರಡಿತು ಅಂತ ನೋಡಿದರೆ ಸಿಡಿದ ಕಡೆ ತಿಳಿಯುತ್ತೆ. ಇಲ್ಲೊಂದು ತಮಾಷೆ ಇದೆ, ಕೇಬಲ್ ದಾರ ಹಿಡಿದ ಹಾಗೆ ನೆಟ್ಟಗಿದ್ದರೆ ಸದ್ದು ಎಡಗಡೆಯಿಂದ ಬಂತೋ ಬಲಗಡೆಯಿಂದ ಬಂತೋ ಅದಕ್ಕೆ ಗೊತ್ತಾಗುವುದಿಲ್ಲ. ಕೇಬಲ್ ಒಂದು ಕಡೆ ತಿರುಗಿರಬೇಕು. ನಮ್ಮ ಹಳ್ಳಿ ರಸ್ತೆಗಳಲ್ಲಿ ತಿರುವಿಗೇನು ಬರ ಹೇಳಿ.

ವಿಶ್ವೇಶ್ವರಯ್ಯ ನಾಲೆ ಏರಿಯಲ್ಲಿ ನೀರು ಜಿನುಗುವುದನ್ನೂ ಫೈಬರಿನಿಂದಲೇ ಹಿಡಿಯಬಹುದು, ಅದು ಅದುರು ಕೇಳಿ ಅಲ್ಲ, ತಂಪು ಮುಟ್ಟಿ. ನೀರು ಜಿನುಗುವ ಕಡೆ ಮಣ್ಣಿನ ಬಿಸಿ ಬೇರೆಯಾಗುತ್ತೆ. ಗಾಜಿನೊಳಗೆ ಚದುರಿದ ಬೆಳಕಿನಲ್ಲಿ ಬಣ್ಣ ಬದಲಾಗಿ ಬರುವ ಒಂದು ಸಣ್ಣ ಪಾಲು ಇರುತ್ತೆ, ಅದು ಬಿಸಿ ಹೆಚ್ಚುಕಮ್ಮಿ ಆದ ಹಾಗೆ ಹೆಚ್ಚುಕಮ್ಮಿ ಆಗುತ್ತೆ. ಅದನ್ನು ಅಳೆದು ಕೇಬಲ್ ಉದ್ದಕ್ಕೂ ಎಲ್ಲೆಲ್ಲಿ ಎಷ್ಟು ಬಿಸಿ ಅಂತ ಹೇಳುತ್ತಾರೆ. ಈ ಬಣ್ಣ ಬದಲಾಗುವುದನ್ನು 1928ರಲ್ಲಿ ಕಂಡುಹಿಡಿದು 1930ರಲ್ಲಿ ನೊಬೆಲ್ ತಂದವರು ನಮ್ಮ ಸಿ.ವಿ. ರಾಮನ್. ಬೆಂಗಳೂರಿನಲ್ಲೇ ಬಾಳಿ ಹೋದವರು. ಯುರೋಪಿನವರು ಅವರ ಹೆಸರಿನ ಬೆಳಕಿನಲ್ಲಿ ತಮ್ಮ ಏರಿಗಳ ಸೋರಿಕೆ ಹುಡುಕುತ್ತಾರೆ. ನಾವು ಏರಿ ಒಡೆದು ಗದ್ದೆಗೆ ನೀರು ನುಗ್ಗಿದ ಮೇಲೆ ಮರಳಿನ ಚೀಲ ಹುಡುಕುತ್ತೇವೆ.

ಸರಿ, ನಾನು ಕೇಳುವುದು ಏನು? ಇನ್ನು ಮುಂದೆ ರಸ್ತೆಯಲ್ಲಾಗಲಿ ನಾಲೆ ಪಕ್ಕದಲ್ಲಾಗಲಿ ಕೇಬಲ್ ಹೂಳಲು ಯಾರಿಗೆ ಅನುಮತಿ ಕೊಟ್ಟರೂ, ಎರಡು ಎಳೆ ಕೇಳಿಸಿಕೊಳ್ಳುವುದಕ್ಕೆ ಬಿಡಬೇಕು ಅಂತ ಬರೆಸಿಕೊಳ್ಳಿ. 24 ಎಳೆಯ ಕೇಬಲ್ಲಿನಲ್ಲಿ ಎರಡು ಯಾರಿಗೂ ಭಾರ ಅಲ್ಲ. ಹೂತ ದಿನವೇ ನಕ್ಷೆ ಆಗಬೇಕು, ಮತ್ತೆ ಆ ನಕ್ಷೆಯನ್ನು ಟೇಬಲ್ ಮುಂದೆ ಕೂತು ಬರೆಯಬಾರದು. ಒಬ್ಬ ಸುತ್ತಿಗೆ ಹಿಡಿದು ಐವತ್ತು ಐವತ್ತು ಮೀಟರಿಗೆ ಕೇಬಲ್ ಮೇಲಿನ ನೆಲಕ್ಕೆ ಮೂರು ಏಟು ಹೊಡೆಯುತ್ತಾ ನಡೆಯಬೇಕು, ಪೆಟ್ಟಿಗೆ ಮುಂದೆ ಕೂತವನು ಆ ಏಟು ಗಾಜಿನ ಯಾವ ಮೀಟರಿನಲ್ಲಿ ಕಾಣಿಸಿತು ಅಂತ ಬರೆಯಬೇಕು, ನಡೆಯುವವನು ತನ್ನ ಮೊಬೈಲಿನ ಜಿಪಿಎಸ್ ನೋಡಿ ಹೇಳಬೇಕು. ಎರಡೂ ಸೇರಿದರೆ ಸುರುಳಿ, ಹೊಸೆತ, ಸೂಚ್ಯಂಕ ಯಾವ ತಾಪತ್ರಯವೂ ಇಲ್ಲ. ಬಿಸಿಲಲ್ಲಿ ನಡೆಯುವ ಕೆಲಸ, ಅದಕ್ಕೇ ಯಾರೂ ಮಾಡುವುದಿಲ್ಲ.

ಆಮೇಲೆ ಅಲಾರಾಂ ಬಂದರೆ ಎದ್ದು ಹೋಗುವ ಮನುಷ್ಯ. ಜೆಸಿಬಿ ಬಕೆಟ್ ಮೊದಲ ಏಟು ಹಾಕಿದಾಗಿನಿಂದ ಕೇಬಲ್ ಕೀಳುವವರೆಗೆ ಬಹಳ ಅಂದರೆ ಹತ್ತು ಹದಿನೈದು ನಿಮಿಷ. ಅಷ್ಟರಲ್ಲಿ ಬೆಂಗಳೂರಿನ ಯಾವುದೋ ಕಂಟ್ರೋಲ್ ರೂಮಿಗೆ ಮೆಸೇಜ್ ಹೋಗಿ, ಅಲ್ಲಿಂದ ಈಮೇಲ್ ಬಂದು, ಅದನ್ನು ಇಲ್ಲಿ ಯಾರೋ ಸಂಜೆ ನೋಡಿದರೆ ಏನು ಸುಖ? ತಾಲ್ಲೂಕಿನಲ್ಲಿರುವ ಜೆಸಿಬಿ ಮಾಲೀಕರ ನಂಬರುಗಳು ಒಂದು ಹಾಳೆಯಲ್ಲಿ ಹಿಡಿಯುತ್ತವೆ. ಅವರಿಗೇ ನೇರ ಫೋನ್ ಹೋಗಲಿ. 'ಅಣ್ಣಾ, ನಿಲ್ಸಣ್ಣ, ಕೆಳಗೆ ಕೇಬಲ್ ಐತೆ' ಅಂದರೆ ನಮ್ಮ ಹುಡುಗರು ನಿಲ್ಲಿಸುತ್ತಾರೆ. ಬೇಕಂತಲೇ ಕೀಳುವವರು ನೂರಕ್ಕೆ ಒಬ್ಬರೂ ಇಲ್ಲ.

ಇನ್ನೊಂದು ವಿಷಯ ಹೇಳದೆ ಬಿಟ್ಟರೆ ನನಗೇ ಸಮಾಧಾನ ಇಲ್ಲ. ಗುದ್ದಲಿ ಕೇಳಿಸುವ ಕೇಬಲ್ಲಿಗೆ ಹೆಜ್ಜೆಯೂ ಕೇಳಿಸುತ್ತೆ. ರಾತ್ರಿ ಯಾರ ಮನೆ ಮುಂದೆ ಯಾವ ಹೊತ್ತಿಗೆ ಗಾಡಿ ನಿಂತಿತು ಅನ್ನುವುದೂ ಅದರಲ್ಲಿ ಬರೆದಿರುತ್ತೆ. ಹೆಸರು ಗೊತ್ತಾಗುವುದಿಲ್ಲ ನಿಜ, ಆದರೆ ಹಳ್ಳಿಯಲ್ಲಿ ಹೊತ್ತು ಗೊತ್ತಾದರೆ ಹೆಸರು ತಾನಾಗೇ ಗೊತ್ತಾಗುತ್ತೆ. ಹಾಗಾಗಿ ಯಾರು ಕೇಳಿಸಿಕೊಳ್ಳುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾವಾಗ ಅಳಿಸುತ್ತಾರೆ ಅಂತ ಪಂಚಾಯಿತಿ ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಲಿ. ಅಗೆತದ ಸದ್ದು ಅಲ್ಲದ್ದನ್ನೆಲ್ಲ ಅವತ್ತೇ ಅಳಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ನಮ್ಮ ಬೀದಿಯ ಎರಡು ಗುಂಡಿ ಇನ್ನೂ ಸರಿಯಾಗಿ ಮುಚ್ಚಿಲ್ಲ. ಮೊದಲ ಮಳೆಗೆ ಒಂದು ಕುಸಿದಿದೆ, ಮೊನ್ನೆ ಹಾಲಿನ ಹುಡುಗನ ಸೈಕಲ್ ಬಿತ್ತು. ಮೋರಿ ಪಕ್ಕದ ಜಾಯಿಂಟಿಗೂ ಕಲ್ಲು ನೆಟ್ಟಿಲ್ಲ, ಅಲ್ಲಿ ನಾನೇ ಒಂದು ಹಳೇ ಸ್ಲೇಟಿನ ಚೂರು ಹೂತು ಮೇಲೆ ಸುಣ್ಣ ಬಳಿದು ಬಂದಿದ್ದೇನೆ. ಯಾರಾದರೂ ಈ ಕಡೆ ಕೇಬಲ್ಲಿಗೆ ಕಿವಿ ಕೊಡಿಸುವ ಕೆಲಸ ಶುರುಮಾಡುವುದಾದರೆ ಸುತ್ತಿಗೆ ನನ್ನ ಹತ್ತಿರ ಇದೆ. ಮಂಡ್ಯದಿಂದ ಶ್ರೀರಂಗಪಟ್ಟಣದವರೆಗೆ ಏಟು ಹೊಡೆಯುತ್ತಾ ನಡೆಯಲು ನಾನು ತಯಾರು. ಸಂಬಳ ಬೇಡ, ದಾರಿಯಲ್ಲಿ ಎರಡು ಕಡೆ ಕಾಫಿ ಕೊಡಿಸಿದರೆ ಸಾಕು.

ಇಂತಿ,
ನಿಮ್ಮ ಓದುಗ, ನಿವೃತ್ತ ಕೇಬಲ್ ಜಾಯಿಂಟರ್
ಗುತ್ತಲು, ಮಂಡ್ಯ